ಘಟ್ಟದ ಬೆಂಕಿ: ಕಾಣುವುದನ್ನು ನಂದಿಸುತ್ತ ಕಾಣದ್ದನ್ನು ಮರೆಯುತ್ತಿದ್ದೇವೆಯೇ?

ಶಿವರಾತ್ರಿಯ ಆಸುಪಾಸಿನ ದಿನಗಳಲ್ಲಿ ಉಜಿರೆಯಿಂದ ಚಾರ್ಮಾಡಿಯತ್ತ ರಾತ್ರಿ ಪ್ರಯಾಣ ಮಾಡುವವರಿಗೆ ಕೆಲವೊಮ್ಮೆ ಘಟ್ಟದ ಮೇಲ್ಭಾಗದಲ್ಲಿ ಬೆಂಕಿಯ ಗೆರೆಯೊಂದು ಕಾಣಿಸುತ್ತದೆ. ಕತ್ತಲಲ್ಲಿ ಗುಡ್ಡದ ಆಕಾರ ಕಾಣದಿರುವುದರಿಂದ ಆ ಗೆರೆ ಆಕಾಶದಲ್ಲೇ ತೂಗಿಕೊಂಡಿರುವಂತೆ ತೋರುತ್ತದೆ. ಅರ್ಧ ಗಂಟೆ ನಿಂತು ನೋಡಿದರೆ ಅದು ಮೆಲ್ಲಗೆ ಮೇಲಕ್ಕೆ ಸರಿಯುತ್ತಿರುವುದು ಗೊತ್ತಾಗುತ್ತದೆ. ಮರುದಿನ ಬೆಳಗ್ಗೆ ಆ ದೃಶ್ಯ ಬೆಳ್ತಂಗಡಿಯಿಂದ ಮಂಗಳೂರಿನವರೆಗೆ ಎಲ್ಲರ ಮೊಬೈಲಿನಲ್ಲಿರುತ್ತದೆ, ಹೆಲಿಕಾಪ್ಟರ್ ತರಿಸಿ ನೀರು ಸುರಿಯಬೇಕೆಂಬ ಒತ್ತಾಯವೂ ಜೊತೆಗೇ ಬರುತ್ತದೆ. ಉರಿದದ್ದು ಏನು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. ಅದು ಹುಲ್ಲುಗಾವಲೇ, ಎಲೆ ಉದುರಿಸುವ ಕಾಡೇ, ನಿತ್ಯಹರಿದ್ವರ್ಣದ ಕಾಡೇ? ನಮ್ಮ ಘಟ್ಟದಲ್ಲಿ ಈ ಮೂರೂ ಒಂದರ ಪಕ್ಕ ಒಂದು ಇವೆ, ಮೂರಕ್ಕೂ ಬೆಂಕಿಯೊಂದಿಗಿರುವ ಸಂಬಂಧ ಬೇರೆ ಬೇರೆ, ಮತ್ತು ಸರ್ಕಾರಿ ಕಾಡುಗಳ ಬೆಂಕಿಯ ಕುರಿತು ನಡೆಯುತ್ತಿರುವ ಚರ್ಚೆಯ ಬಹುಪಾಲು ಗೊಂದಲ ಈ ವ್ಯತ್ಯಾಸವನ್ನು ಬಿಟ್ಟು ಮಾತನಾಡುವುದರಿಂದಲೇ ಹುಟ್ಟಿದೆ ಎಂಬುದು ನನ್ನ ತಿಳಿವಳಿಕೆ.

ಪ್ರತಿಯೊಂದು ಬೆಂಕಿಯನ್ನೂ ನಂದಿಸಲೇಬೇಕು ಎನ್ನುವ ನೀತಿಯನ್ನು ಅತಿ ಹೆಚ್ಚು ಹಟದಿಂದ ಪಾಲಿಸಿ ನೋಡಿದ ದೇಶ ಅಮೆರಿಕ. ಅಲ್ಲಿನ ಅರಣ್ಯ ಸೇವೆ 1905ರಲ್ಲಿ ಸ್ಥಾಪನೆಯಾಯಿತು; ಐದೇ ವರ್ಷಗಳಲ್ಲಿ, 1910ರ ಆಗಸ್ಟ್‌ನಲ್ಲಿ, ಐಡಾಹೊ ಮತ್ತು ಮೊಂಟಾನಾ ರಾಜ್ಯಗಳಲ್ಲಿ ಎರಡು ದಿನಗಳ ಬಿರುಗಾಳಿಗೆ ಸಿಕ್ಕಿದ ಬೆಂಕಿ ಸುಮಾರು 30 ಲಕ್ಷ ಎಕರೆಯನ್ನು ಸುಟ್ಟು, 80ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ಆಘಾತದಿಂದ ಹುಟ್ಟಿದ ಪೀಳಿಗೆಯ ಅಧಿಕಾರಿಗಳು 1935ರಲ್ಲಿ ಒಂದು ನಿಯಮ ತಂದರು: ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಅದು ಹತೋಟಿಗೆ ಬರಬೇಕು. ನಾಲ್ಕು ದಶಕ ಈ ನಿಯಮ ನಡೆಯಿತು. ಆದರೆ ಪಶ್ಚಿಮ ಅಮೆರಿಕದ ಪಾಂಡೆರೋಸಾ ಪೈನ್ ಕಾಡುಗಳು ಕೆಲವು ವರ್ಷಗಳಿಗೊಮ್ಮೆ ಸಣ್ಣ ನೆಲಬೆಂಕಿಯನ್ನು ಕಂಡೇ ಬೆಳೆದಂಥವು. ಆ ಬೆಂಕಿ ನಿಂತ ಮೇಲೆ ಒಣ ಸೂಜಿ ಎಲೆ, ಬಿದ್ದ ರೆಂಬೆ, ಒತ್ತಾಗಿ ಬೆಳೆದ ಸಣ್ಣ ಮರಗಳೆಲ್ಲ ನೆಲದಿಂದ ನೆತ್ತಿಯವರೆಗೆ ಏಣಿಯಂತೆ ಸೇರಿಕೊಂಡವು, ಮತ್ತು ಮೊದಲು ಮೊಣಕಾಲೆತ್ತರದಲ್ಲಿ ಓಡುತ್ತಿದ್ದ ಬೆಂಕಿ ಈಗ ಮರದ ತುದಿಗೇ ಹತ್ತತೊಡಗಿತು. 1978ರಲ್ಲಿ ಆ ನಿಯಮವನ್ನು ಕೈಬಿಡಲಾಯಿತು. 2015ರ ಹೊತ್ತಿಗೆ ಅಲ್ಲಿನ ಅರಣ್ಯ ಸೇವೆಯ ವಾರ್ಷಿಕ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಹಣ ಬೆಂಕಿಯ ಕೆಲಸಕ್ಕೇ ಹೋಗುತ್ತಿತ್ತು.

ಹಾಗೆಂದು ಬೆಂಕಿಗೆ ಬಿಡುವು ಕೊಟ್ಟಾಗಲೆಲ್ಲ ಒಳ್ಳೆಯದೇ ಆಯಿತೆಂದೇನೂ ಇಲ್ಲ. 2022ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಅರಣ್ಯ ಸೇವೆಯೇ ಮುನ್ನೆಚ್ಚರಿಕೆಗಾಗಿ ಹಚ್ಚಿದ ನಿಯಂತ್ರಿತ ಬೆಂಕಿ ಕೈಮೀರಿತು. ಚಳಿಗಾಲದಲ್ಲಿ ಸುಟ್ಟ ಕಟ್ಟಿಗೆ ರಾಶಿಗಳಲ್ಲಿ ಹಿಮದಡಿ ತಿಂಗಳುಗಟ್ಟಲೆ ಉಳಿದಿದ್ದ ಕೆಂಡವೂ ವಸಂತದ ಗಾಳಿಗೆ ಎದ್ದು ಅದರೊಂದಿಗೆ ಸೇರಿತು. ಒಟ್ಟು ಸುಟ್ಟದ್ದು ಸುಮಾರು 3.4 ಲಕ್ಷ ಎಕರೆ, ಆ ರಾಜ್ಯದ ಇತಿಹಾಸದಲ್ಲೇ ಅತಿ ದೊಡ್ಡದು. 2025ರ ಜುಲೈಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರ ಅಂಚಿನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿಯನ್ನು ಮೊದಲು ಒಂದು ಎಲ್ಲೆಯೊಳಗೆ ಉರಿಯಲು ಬಿಟ್ಟಿದ್ದರು. ಗಾಳಿ ಬದಲಾದಾಗ ಅದು ಅಲ್ಲಿನ ಹಳೆಯ ವಸತಿಗೃಹವನ್ನು ಸುಟ್ಟು ಹಾಕಿತು. ಇದರಿಂದಾಗಿ ಎಲ್ಲವನ್ನೂ ತಕ್ಷಣ ನಂದಿಸಿ ಎನ್ನುವ ಕೂಗು ಅಲ್ಲಿ ಮತ್ತೆ ಬಲವಾಗಿದೆ. ನೂರು ವರ್ಷಗಳ ಅನುಭವವಿದ್ದೂ ಆ ದೇಶ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ನಮ್ಮಲ್ಲಿ ಈ ಅಮೆರಿಕನ್ ಪಾಠವನ್ನು ಎರಡು ಬಗೆಯಲ್ಲಿ ತಪ್ಪಾಗಿ ಓದಲಾಗುತ್ತಿದೆ. ಬೆಂಕಿ ಪ್ರಕೃತಿಯ ಭಾಗ, ಅದನ್ನು ಅದರ ಪಾಡಿಗೆ ಬಿಡಿ ಎಂದು ಹೇಳುವವರು ಪೈನ್ ಕಾಡಿನ ಮಾತನ್ನು ತಂದು ಧೂಪ, ರಾಮಪತ್ರೆ, ಬಲಗಿ ಮರಗಳ ಕಾಡಿಗೆ ಅನ್ವಯಿಸುತ್ತಾರೆ. ಒಂದು ಕಿಡಿಯೂ ಬೀಳಬಾರದು ಎನ್ನುವವರು ನಿತ್ಯಹರಿದ್ವರ್ಣದ ಕಾಡಿನ ನಿಯಮವನ್ನು ಕುದುರೆಮುಖದ ಹುಲ್ಲಿನ ಬೋಳುಗುಡ್ಡಕ್ಕೂ ಹೇರುತ್ತಾರೆ.

ಮೊದಲು ಹುಲ್ಲನ್ನೇ ನೋಡೋಣ. 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಎತ್ತರದ ಭಾಗಗಳಲ್ಲಿ ಕಣಿವೆಗಳ ಮಡಿಲಲ್ಲಿ ಶೋಲಾ ಎಂದು ಕರೆಯುವ ಕುಳ್ಳು ಮರಗಳ ನಿತ್ಯಹರಿದ್ವರ್ಣದ ಕಾಡು, ಬೆನ್ನಿನ ಮೇಲೆ ಹುಲ್ಲು. ಈ ಹುಲ್ಲುಗಾವಲು ಕಾಡು ಕಡಿದು ಆದ ಪಾಳು ನೆಲವೆಂದು ಬಹುಕಾಲ ಭಾವಿಸಲಾಗಿತ್ತು. ನೀಲಗಿರಿಯ ಜೌಗು ಮಣ್ಣಿನ ಪದರಗಳ ಅಧ್ಯಯನದಿಂದ ಅಲ್ಲಿನ ಇದೇ ಬಗೆಯ ಹುಲ್ಲುಗಾವಲು 20,000 ವರ್ಷಗಳಿಗೂ ಹಳೆಯದೆಂದು ತಿಳಿದುಬಂದ ಮೇಲೆ ಆ ಅಭಿಪ್ರಾಯ ನಿಲ್ಲುವುದಿಲ್ಲ. ಹುಲ್ಲಿನ ಜೀವ ಇರುವುದು ನೆಲದೊಳಗಿನ ಬುಡದಲ್ಲಿ. ಮೇಲಿನ ಒಣ ಭಾಗ ಸುಟ್ಟರೆ ಕೆಲವೇ ವಾರಗಳಲ್ಲಿ ಹಸಿರು ಚಿಗುರುತ್ತದೆ. ಆ ಇಳಿಜಾರುಗಳಲ್ಲಿ ಅಲ್ಲೊಂದು ಇಲ್ಲೊಂದು ನಿಂತಿರುವ ನೆಲ್ಲಿ, ಕವಲು ಮರಗಳ ದಪ್ಪ ತೊಗಟೆಯನ್ನು ಮುಟ್ಟಿ ನೋಡಿದರೆ ಅವು ಎಂಥ ಜಾಗದಲ್ಲಿ ಬದುಕಲು ಸಿದ್ಧವಾದ ಮರಗಳೆಂದು ಗೊತ್ತಾಗುತ್ತದೆ. ಆದರೂ ಹುಲ್ಲಿನ ಬೆಂಕಿಯನ್ನು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ಮನುಷ್ಯನಿಗೆ ಅತ್ಯಂತ ಅಪಾಯಕಾರಿಯಾದ ಬೆಂಕಿ ಅದೇ. ಇಳಿಜಾರು 10 ಡಿಗ್ರಿ ಹೆಚ್ಚಾದಂತೆಲ್ಲ ಮೇಲಕ್ಕೇರುವ ಬೆಂಕಿಯ ವೇಗ ಸರಿಸುಮಾರು ದುಪ್ಪಟ್ಟಾಗುತ್ತದೆಂದು ಬೆಂಕಿ ನಂದಿಸುವವರಿಗೆ ಕಲಿಸುತ್ತಾರೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ 20ಕ್ಕೂ ಹೆಚ್ಚು ಚಾರಣಿಗರು ಸತ್ತದ್ದು ಇಂಥದೇ ಕಡಿದಾದ ಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಕೊಂಡು.

ಈಗ ಇನ್ನೊಂದು ಬೆಂಕಿಯನ್ನು ನೋಡಬೇಕು. ಕೆಲವು ವರ್ಷಗಳ ಹಿಂದೆ ಕಾರ್ಕಳ ತಾಲೂಕಿನ ಘಟ್ಟದ ಬುಡದಲ್ಲಿ, ದಿನಗೂಲಿಯ ಬೆಂಕಿ ಕಾವಲುಗಾರರೊಬ್ಬರ ಜೊತೆ ಒಂದು ಬೆಳಗ್ಗೆ ನಡೆದಿದ್ದೆ. ಮೇಲೆ ಬೋಳುಗುಡ್ಡದಲ್ಲಿ ಹಿಂದಿನ ರಾತ್ರಿ ಉರಿದ ಹುಲ್ಲು ಕಪ್ಪಾಗಿ ತಣ್ಣಗಾಗಿತ್ತು. ಆದರೆ ಕೆಳಗೆ, ದೊಡ್ಡ ಮರಗಳ ನೆರಳಿನಲ್ಲಿ, ತರಗೆಲೆಯ ಮೇಲೆ ಅಂಗೈ ಅಗಲದ ಬೆಂಕಿಯ ಅಂಚೊಂದು ಇರುವೆ ಸಾಲಿನಂತೆ ನಿಧಾನವಾಗಿ ಸಾಗುತ್ತಿತ್ತು. ಅದರ ಎತ್ತರ ಪಾದದ ಗಂಟಿನಷ್ಟೂ ಇರಲಿಲ್ಲ. ಹೊಗೆ ಮರಗಳ ಕೊಡೆಯಡಿಯಲ್ಲೇ ಕರಗಿ ಹೋಗುತ್ತಿತ್ತು. ಅವರು ಹಸಿ ಸೊಪ್ಪಿನ ಕೊಂಬೆಯೊಂದನ್ನು ಮುರಿದು ಬೆಂಕಿಯ ಅಂಚನ್ನು ಸುಟ್ಟ ಕಡೆಗೇ ಬಡಿದು ಗುಡಿಸುತ್ತ ಹೇಳಿದರು: "ಹೆದರಬೇಕಾದ್ದು ಈ ಬೆಂಕಿಗೆ ಸರ್. ಗುಡ್ಡದ್ದು ರಾತ್ರಿ ಉರಿದು ಬೆಳಗ್ಗೆಗೆ ಮುಗಿಯಿತು. ಇದು ಸತ್ತ ಹಾಗೆ ಬಿದ್ದುಕೊಂಡಿರುತ್ತದೆ, ಮಧ್ಯಾಹ್ನ ಗಾಳಿ ಬಂದರೆ ಮತ್ತೆ ಏಳುತ್ತದೆ." ಸ್ವಲ್ಪ ಮುಂದೆ ಅವರು ತೋರಿಸಿದ ಒಂದು ಧೂಪದ ಮರದ ಬುಡ ಹಳೆಯ ಬೆಂಕಿಯಿಂದ ಒಂದು ಮಗ್ಗುಲಲ್ಲಿ ಕಪ್ಪಾಗಿತ್ತು, ಮೇಲೆ ನೋಡಿದರೆ ಕೊಂಬೆಗಳಲ್ಲಿ ಒಂದು ಎಲೆಯೂ ಇರಲಿಲ್ಲ. ಉಗುರಿನಿಂದ ಕೆರೆದರೆ ತೊಗಟೆ ಹಪ್ಪಳದಂತೆ ಕಳಚಿ ಬಂತು.

ನಿತ್ಯಹರಿದ್ವರ್ಣದ ಮರಗಳ ತೊಗಟೆ ತೆಳು. ವರ್ಷಕ್ಕೆ 4,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಘಟ್ಟದ ಇಳಿಜಾರಿನಲ್ಲಿ, ನೆಲ ಸದಾ ತೇವವಾಗಿರುವ ಕಾಡಿನಲ್ಲಿ, ಬೆಂಕಿಗೆ ಸಿದ್ಧವಾಗಬೇಕಾದ ಅಗತ್ಯ ಆ ಮರಗಳಿಗೆ ಬರಲೇ ಇಲ್ಲ. ಪಾದದ ಎತ್ತರದ ಬೆಂಕಿಯೂ ಅವುಗಳ ಬುಡದ ಜೀವಪದರವನ್ನು ಬೇಯಿಸಿಬಿಡುತ್ತದೆ, ಮರ ತಕ್ಷಣ ಬೀಳದೆ ಒಂದೆರಡು ವರ್ಷ ಬಿಟ್ಟು ಸಾಯುತ್ತದೆ. ಸತ್ತ ಮರದ ಜಾಗದಲ್ಲಿ ಬಿಸಿಲು ನೆಲಕ್ಕೆ ಇಳಿಯುತ್ತದೆ, ತರಗೆಲೆ ಇನ್ನಷ್ಟು ಒಣಗುತ್ತದೆ, ನಮ್ಮೂರಲ್ಲಿ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕಳೆ ಆ ತೆರಪನ್ನು ತುಂಬಿಕೊಳ್ಳುತ್ತದೆ, ಮತ್ತು ಬೇಸಿಗೆಯಲ್ಲಿ ಒಣಗಿ ನಿಂತ ಅದರ ಕಡ್ಡಿಗಳು ಮುಂದಿನ ಬೆಂಕಿಗೆ ಸಿದ್ಧ ಕಟ್ಟಿಗೆಯಾಗುತ್ತವೆ. ಅಮೆಜಾನ್ ಮಳೆಕಾಡಿನಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಕಂಡುಕೊಂಡವು: ಮೊದಲ ಬೆಂಕಿ ನಿಧಾನದ್ದು, ಸಣ್ಣದು, ಅದು ತೆರೆದಿಟ್ಟ ಕಾಡಿಗೆ ಬರುವ ಎರಡನೆಯ, ಮೂರನೆಯ ಬೆಂಕಿ ಮತ್ತೂ ಭೀಕರ.

ಸರ್ಕಾರಿ ವ್ಯವಸ್ಥೆಯ ಒಂದು ದೊಡ್ಡ ತೊಡಕು ಇಲ್ಲಿದೆ. ದೇಶದಲ್ಲಿ ಕಾಡ್ಗಿಚ್ಚಿನ ಎಚ್ಚರಿಕೆ ಬರುವುದು ಉಪಗ್ರಹದಿಂದ. ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆ 2004ರಿಂದ ಈ ಕೆಲಸ ಮಾಡುತ್ತಿದೆ. ಮೊದಲು ಒಂದು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಬಿಸಿಯನ್ನು ಗುರುತಿಸುತ್ತಿದ್ದ ವ್ಯವಸ್ಥೆ ಈಗ 375 ಮೀಟರ್ ಚೌಕಗಳಿಗೆ ಇಳಿದಿದೆ, ಎಚ್ಚರಿಕೆ ಕ್ಷೇತ್ರ ಸಿಬ್ಬಂದಿಯ ಮೊಬೈಲಿಗೇ ತಲುಪುತ್ತದೆ. ಇದು ನಿಜಕ್ಕೂ ಉಪಯುಕ್ತವಾದ ಸಾಧನ. ಆದರೆ ಉಪಗ್ರಹಕ್ಕೆ ಚೆನ್ನಾಗಿ ಕಾಣುವುದು ಬಯಲಲ್ಲಿ ಭುಗಿಲೇಳುವ ಹುಲ್ಲಿನ ಬೆಂಕಿ. ಮರಗಳ ಕೊಡೆಯಡಿಯಲ್ಲಿ ತೆವಳುವ ತರಗೆಲೆ ಬೆಂಕಿ ಬಹುಪಾಲು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಉಜಿರೆಯ ರಸ್ತೆಯಲ್ಲಿ ನಿಂತು ನೋಡುವ ನಮ್ಮ ಕಣ್ಣಿಗೂ ಅದು ಬೀಳುವುದಿಲ್ಲ. ಎಚ್ಚರಿಕೆಗಳ ಸಂಖ್ಯೆ ಕಡಿಮೆಯಾಯಿತು ಎನ್ನುವುದನ್ನೇ ಯಶಸ್ಸಿನ ಅಳತೆಗೋಲಾಗಿ ಇಟ್ಟುಕೊಂಡರೆ ಸಿಬ್ಬಂದಿ, ವಾಹನ, ಹಣವೆಲ್ಲ ಕಾಣುವ ಬೆಂಕಿಯತ್ತ ಓಡುತ್ತವೆ; ಶತಮಾನಗಳಲ್ಲಿ ಬೆಳೆದ ಕಾಡು ಕಾಣದ ಬೆಂಕಿಯಲ್ಲಿ ಹೋಗುತ್ತದೆ. ನನ್ನನ್ನು ಅತಿ ಹೆಚ್ಚು ಚಿಂತೆಗೆ ಹಚ್ಚುವ ಸಂಗತಿ ಇದು.

ಹುಲ್ಲುಗಾವಲು ಮತ್ತು ನಿತ್ಯಹರಿದ್ವರ್ಣದ ಕಾಡು, ಈ ಎರಡರ ನಡುವೆ ಇರುವುದು ಮತ್ತಿ, ನಂದಿ, ತೇಗದಂಥ ಎಲೆ ಉದುರಿಸುವ ಮರಗಳ ಕಾಡು. ಅದರ ಚರ್ಚೆ ಹೊಸದಲ್ಲ. ಬ್ರಿಟಿಷ್ ಭಾರತದ ಅರಣ್ಯಾಧಿಕಾರಿಗಳು 1860ರ ದಶಕದಲ್ಲಿ ಬೆಂಕಿಯನ್ನು ಪೂರ್ತಿ ಹೊರಗಿಡುವ ಪ್ರಯೋಗ ಶುರುಮಾಡಿದರು, ಆದರೆ ಮೂರು ದಶಕ ಕಳೆಯುವಷ್ಟರಲ್ಲಿ ಬರ್ಮಾದ ತೇಗದ ಕಾಡುಗಳಲ್ಲಿ ತೇಗದ ಸಸಿಗಳೇ ಏಳುತ್ತಿಲ್ಲವೆಂದು ಅವರಲ್ಲೇ ಕೆಲವರು ಬರೆದರು. ಮುಂದೆ ಹಲವು ಕಡೆ ಚಳಿಗಾಲ ಮುಗಿಯುವ ಮೊದಲೇ ತಣ್ಣಗೆ ಸುಡುವ ಪದ್ಧತಿಯನ್ನು ಅವರೇ ಒಪ್ಪಿಕೊಂಡರು.

ಹಾಗಾದರೆ ಬೆಂಕಿ ಅಪರಾಧವಾದದ್ದು ಹೇಗೆ? ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಗುಡ್ಡದ ಜನ ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಒಂದೆರಡು ಬೆಳೆ ತೆಗೆದು, ಹಲವು ವರ್ಷ ಹಾಗೇ ಬಿಟ್ಟು ಮುಂದೆ ಹೋಗುವ ಕುಮರಿ ಬೇಸಾಯ ಮಾಡುತ್ತಿದ್ದರು. 1856ರಲ್ಲಿ ಮದ್ರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮರಿಯ ಕಟು ವಿರೋಧಿಯಾಗಿದ್ದರು. 1860ರ ಹೊತ್ತಿಗೆ ಸರ್ಕಾರಿ ಕಾಡಿನಲ್ಲಿ ಅದನ್ನು ಬಹುಮಟ್ಟಿಗೆ ತಡೆಯಲಾಯಿತು. ಆಮೇಲೆ 1882ರ ಮದ್ರಾಸ್ ಅರಣ್ಯ ಕಾಯ್ದೆ, ಏಕೀಕರಣದ ನಂತರ 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲವೂ ಬೆಂಕಿ ಹಚ್ಚುವುದನ್ನು ಶಿಕ್ಷಾರ್ಹಗೊಳಿಸಿದವು. ಅಭಯಾರಣ್ಯಗಳಲ್ಲಿ ಬಿದ್ದ ಮರ ಮತ್ತು ಹುಲ್ಲನ್ನು ಹೊರಗೆ ಸಾಗಿಸುವುದನ್ನೂ ಸುಪ್ರೀಂ ಕೋರ್ಟ್ 2000ದ ಫೆಬ್ರವರಿಯ ಆದೇಶದಲ್ಲಿ ತಡೆಯಿತು. ಪ್ರತಿಯೊಂದಕ್ಕೂ ಅದರದೇ ಸಕಾರಣವಿತ್ತು. ಆದರೆ ಒಟ್ಟು ಪರಿಣಾಮವಾಗಿ, ಮುಳಿಹುಲ್ಲು ಕೊಯ್ದು ಮನೆಗೆ ಹೊದಿಸುತ್ತಿದ್ದ, ಗುಡ್ಡದಲ್ಲಿ ದನ ಬಿಡುತ್ತಿದ್ದ, ಯಾವಾಗ ಎಲ್ಲಿ ಸುಡಬೇಕೆಂದು ಬಲ್ಲವರಾಗಿದ್ದ ಜನರಿಗೆ ಕಾಡಿನ ಬೆಂಕಿಯೊಂದಿಗೆ ಉಳಿದ ಸಂಬಂಧ ಎರಡೇ: ಒಂದೋ ಕದ್ದು ಹಚ್ಚುವುದು, ಇಲ್ಲವೇ ಕೂಲಿಗೆ ನಂದಿಸುವುದು. ಕದ್ದು ಹಚ್ಚುವವನು ಗಾಳಿ ನೋಡುವುದಿಲ್ಲ, ತಿಂಗಳು ನೋಡುವುದಿಲ್ಲ, ಬೆಂಕಿಯ ಬಳಿ ನಿಲ್ಲುವುದೂ ಇಲ್ಲ. ಹಚ್ಚಿ ಓಡುತ್ತಾನೆ.

ಬೆಂಕಿಯನ್ನು ಹದದಲ್ಲಿಟ್ಟುಕೊಳ್ಳುವುದು ನಮ್ಮ ಕರಾವಳಿಯ ಮನೆಗಳಿಗೆ ಹೊಸ ವಿದ್ಯೆಯಲ್ಲ. ಸುಡುಮಣ್ಣು ಮಾಡುವುದನ್ನು ನೋಡಿದವರು ಇದನ್ನು ಒಪ್ಪಿಯಾರು. ತೋಟದ ಮೂಲೆಯಲ್ಲಿ ತರಗೆಲೆ, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಗಾಳಿಯಿಲ್ಲದ ಹೊತ್ತು ನೋಡಿ ಬುಡದಲ್ಲಿ ಕಿಡಿ ಇಡುತ್ತಾರೆ. ಸುತ್ತ ಎರಡು ಮಾರು ನೆಲವನ್ನು ಮೊದಲೇ ಗುಡಿಸಿರುತ್ತಾರೆ, ಕೊಡದಲ್ಲಿ ನೀರು ಪಕ್ಕದಲ್ಲೇ ಇರುತ್ತದೆ. ಎಲ್ಲಾದರೂ ಜ್ವಾಲೆ ಹೊರಬಂದರೆ ಇನ್ನೊಂದು ಹಿಡಿ ಮಣ್ಣು. ಎರಡು ಮೂರು ದಿನ ಅದು ಹೊಗೆಯಾಡುತ್ತದೆ, ಕೊನೆಗೆ ಸಿಗುವ ಕೆಂಗಂದು ಮಣ್ಣು ಮಲ್ಲಿಗೆ ಬುಡಕ್ಕೋ ಬದನೆ ಸಾಲಿಗೋ ಹೋಗುತ್ತದೆ. ಅರಣ್ಯ ಶಾಸ್ತ್ರದಲ್ಲಿ ನಿಯಂತ್ರಿತ ಸುಡುವಿಕೆಗೆ ಹೇಳುವ ನಿಯಮಗಳೆಲ್ಲ ಈ ಒಂದು ರಾಶಿಯಲ್ಲಿವೆ.

ಕರ್ನಾಟಕದ್ದೇ ಆದ ಇನ್ನೊಂದು ಅನುಭವ ಬಿಳಿಗಿರಿರಂಗನ ಬೆಟ್ಟದ ಸೋಲಿಗರದು. ಅವರು ವರ್ಷದ ಮೊದಲ ತಿಂಗಳುಗಳಲ್ಲಿ, ಇಬ್ಬನಿಯ ತೇವ ಇನ್ನೂ ಇರುವಾಗ, ಕಾಡಿನ ನೆಲದ ಎಲೆಯನ್ನಷ್ಟೇ ಸುಡುವ ತರಗು ಬೆಂಕಿಯನ್ನು ಹಚ್ಚುತ್ತಿದ್ದರು. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು. ಮುಂದಿನ ದಶಕಗಳಲ್ಲಿ ಲಂಟಾನ ಎಂಬ ಕಳೆ ಕಾಡಿನೊಳಗೆ ಪೊದೆಗಟ್ಟಿ ಬೆಳೆಯಿತು. ಬೆಂಕಿ ನಿಂತದ್ದೇ ಅದಕ್ಕೆ ಕಾರಣವೆಂದೂ, ನೆಲ್ಲಿ ಮರಗಳನ್ನು ಕೊಲ್ಲುವ ಉಪ್ಪಿಲು ಎಂಬ ಪರಾವಲಂಬಿ ಗಿಡ ಹೆಚ್ಚಿದ್ದೂ ಅದರಿಂದಲೇ ಎಂದೂ ಸೋಲಿಗರು ಹೇಳುತ್ತ ಬಂದಿದ್ದಾರೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು 1997 ಮತ್ತು 2008ರಲ್ಲಿ ಅಲ್ಲಿನ ಕಾಡನ್ನು ಅಳೆದು ನೋಡಿದಾಗ ಲಂಟಾನದ ವಿಪರೀತ ಹರಡುವಿಕೆ ಸಾಬೀತಾಯಿತು. ಈಗ ಲಂಟಾನ ಆಳೆತ್ತರ ಬೆಳೆದು ನಿಂತಿರುವುದರಿಂದ ಹಳೆಯ ತರಗು ಬೆಂಕಿಯನ್ನು ಹಾಗೇ ಮರಳಿ ತರಲೂ ಆಗದು, ಏಕೆಂದರೆ ಆ ಪೊದೆ ಹತ್ತಿದರೆ ಬೆಂಕಿ ಮರದ ನೆತ್ತಿಗೇ ಹೋಗುತ್ತದೆ. ತಡವಾಗಿ ಎಚ್ಚೆತ್ತುಕೊಂಡರೆ ಹಿಂದಿರುಗುವ ದಾರಿಯೂ ಮುಚ್ಚಿರುತ್ತದೆ.

ಸೋಲಿಗರ ಮಾತನ್ನು ಕುದುರೆಮುಖಕ್ಕೆ ತಂದು ಅಂಟಿಸಬಾರದು ಎಂಬ ಆಕ್ಷೇಪ ಸರಿಯಾದದ್ದೇ. ಅದು ಒಣ ಕಾಡು, ಇದು ಮಳೆಯ ಕಾಡು. ಆದರೆ ಘಟ್ಟದ ಬುಡದಲ್ಲೂ ಬೆಳ್ತಂಗಡಿ, ಕಾರ್ಕಳ ತಾಲೂಕುಗಳ ಮಲೆಕುಡಿಯರಂಥ ಬುಡಕಟ್ಟು ಜನರಿದ್ದಾರೆ. ಯಾವ ಕಣಿವೆಯಲ್ಲಿ ಮಧ್ಯಾಹ್ನ ಗಾಳಿ ತಿರುಗುತ್ತದೆ, ಯಾವ ತೊರೆ ಮಾರ್ಚ್‌ವರೆಗೂ ಬತ್ತುವುದಿಲ್ಲ, ಹುಲ್ಲಿನ ಬೆಂಕಿ ಎಲ್ಲಿ ಕಾಡಿನ ಅಂಚಿಗೆ ನುಗ್ಗುತ್ತದೆ ಎಂಬುದು ಅವರಲ್ಲಿ ಹಿರಿಯರಿಗೆ ಗೊತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ಕಾಪಾಡುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಟ್ಟಿದೆ. ಆ ಅಧಿಕಾರವನ್ನು ಬೆಂಕಿಯ ವಿಷಯದಲ್ಲಿ ಬಳಸುವ ಬಗ್ಗೆ ಗಂಭೀರ ಮಾತುಕತೆ ನಡೆಯಬೇಕು.

ನಾನು ಬಯಸುವುದು ಇಷ್ಟು. ನಿತ್ಯಹರಿದ್ವರ್ಣದ ಕಾಡು ಮತ್ತು ಶೋಲಾ ಕಣಿವೆಗಳಿಗೆ ಬೆಂಕಿ ಸಂಪೂರ್ಣ ನಿಷಿದ್ಧವಾಗಿರಲಿ. ಅಲ್ಲಿ ಒಂದು ಅಡಿ ಉದ್ದದ ಅಂಚನ್ನೂ ಹುಡುಕಿ ನಂದಿಸಬೇಕು, ಮತ್ತು ಅದಕ್ಕೆ ಉಪಗ್ರಹ ಸಾಲದು, ನಡೆದು ನೋಡುವ ಜನ ಬೇಕು. ಆದರೆ ಆ ಕಾಡನ್ನು ಉಳಿಸುವುದಕ್ಕೇ ಅದರ ಸುತ್ತಲಿನ ಹುಲ್ಲಿನ ಪಟ್ಟಿಗಳನ್ನು ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ, ಇಬ್ಬನಿ ಬೀಳುವ ದಿನಗಳಲ್ಲಿ, ಸ್ಥಳೀಯರನ್ನು ಸೇರಿಸಿಕೊಂಡು ಸುಡಬೇಕು. ಬೆಂಕಿ ರೇಖೆಯ ಹೆಸರಿನಲ್ಲಿ ಇಲಾಖೆ ಈಗಲೂ ಮಾಡುವ ಕೆಲಸವೇ ಇದು. ಎರಡು ಕಡೆ ಹುಲ್ಲು ಸವರಿ ನಡುವೆ ಸುಡುವ ಆ ಗೆರೆಯನ್ನು ಅಗಲಗೊಳಿಸಿ, ಪ್ರತಿ ವರ್ಷ ಜಾಗ ಬದಲಿಸಿ, ಒಂದು ಗುಡ್ಡವನ್ನು ಹಲವು ತುಂಡುಗಳಾಗಿ ಒಡೆಯುವಂತೆ ಯೋಜಿಸಿದರೆ, ಮಾರ್ಚ್‌ನಲ್ಲಿ ಯಾರೋ ಎಸೆದ ಬೀಡಿಯಿಂದ ಹತ್ತಿದ ಬೆಂಕಿಗೆ ಓಡಲು ದಾರಿ ಸಿಗುವುದಿಲ್ಲ. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನಲ್ಲಿ ಮೂಲನಿವಾಸಿ ಸಮುದಾಯಗಳು 2006ರಿಂದ ಒಣಗಾಲದ ಆರಂಭದಲ್ಲೇ ಹೀಗೆ ತುಂಡು ತುಂಡಾಗಿ ಸುಟ್ಟು ಕೊನೆಯ ತಿಂಗಳುಗಳ ದೊಡ್ಡ ಬೆಂಕಿಯನ್ನು ಗಣನೀಯವಾಗಿ ತಗ್ಗಿಸಿವೆ.

ಸಮಯದ ಮಾತು ಇಲ್ಲಿ ಬಹಳ ಮುಖ್ಯ. ಜನವರಿಯಲ್ಲಿ ಸುಟ್ಟ ಗುಡ್ಡಕ್ಕೆ ಮಳೆಗಾಲದ ಮೊದಲು ಚಿಗುರಲು ನಾಲ್ಕು ತಿಂಗಳಿರುತ್ತವೆ. ಏಪ್ರಿಲ್‌ನಲ್ಲಿ ಉರಿದ ಗುಡ್ಡ ಜೂನ್‌ನ ಮೊದಲ ಧಾರಾಕಾರ ಮಳೆಗೆ ಬರಿಮೈಯಲ್ಲಿ ಸಿಗುತ್ತದೆ, ಬೂದಿಯ ಜೊತೆ ಮೇಲ್ಮಣ್ಣೂ ತೊರೆಗೆ ಇಳಿಯುತ್ತದೆ. ನೇತ್ರಾವತಿ ಹುಟ್ಟುವುದು ಕುದುರೆಮುಖ ಶ್ರೇಣಿಯಲ್ಲಿ, ಮಂಗಳೂರು ಕುಡಿಯುವುದು ತುಂಬೆಯಲ್ಲಿ ತಡೆದ ಅದೇ ನೀರನ್ನು; ಉಡುಪಿಯವರು ಬಜೆಯಲ್ಲಿ ತಡೆದ ಸ್ವರ್ಣೆಯ ನೀರನ್ನು. 2019ರ ಬೇಸಿಗೆಯಲ್ಲಿ ಎರಡೂ ಊರುಗಳಲ್ಲಿ ನಲ್ಲಿ ನೀರಿಗೆ ಸರದಿ ಬಂದದ್ದು ನಮಗೆ ನೆನಪಿದೆ. ಬೇಸಿಗೆಯಲ್ಲೂ ಆ ನದಿಗಳಲ್ಲಿ ಹರಿವು ಉಳಿಯುವುದು ಘಟ್ಟದ ಹುಲ್ಲು ಮತ್ತು ಶೋಲಾದ ಮಣ್ಣು ಹಿಡಿದಿಟ್ಟುಕೊಂಡ ಮಳೆಯಿಂದ.

ಹೀಗೆ ಮೊದಲೇ ಸುಡುವುದರ ವಿರುದ್ಧ ಗಟ್ಟಿಯಾದ ವಾದಗಳಿವೆ, ಅವನ್ನು ತಳ್ಳಿಹಾಕಲಾರೆ. ನ್ಯೂ ಮೆಕ್ಸಿಕೊದಲ್ಲಿ ಆದದ್ದು ಇಲ್ಲಿ ಆಗುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು. ಸುಡಲು ಅನುಮತಿ ಇದೆಯೆಂಬ ನೆಪದಲ್ಲಿ ಬೇಟೆಗಾರರು, ಒತ್ತುವರಿದಾರರು ಬೆಂಕಿ ಹಚ್ಚಬಹುದು. ಅದಕ್ಕಾಗಿಯೇ ಯಾವ ತುಂಡು, ಯಾವ ದಿನ, ಎಷ್ಟು ಜನ, ಗಾಳಿ ಎಷ್ಟಿದ್ದರೆ ಕೆಲಸ ನಿಲ್ಲಬೇಕು ಎಂಬುದು ಬರಹದಲ್ಲಿರಬೇಕು, ಸುಟ್ಟ ಮೇಲೆ ಕೊನೆಯ ಕೆಂಡ ಆರುವವರೆಗೆ ಕಾವಲಿರಬೇಕು, ಮೊದಲ ಕೆಲವು ವರ್ಷ ಇದನ್ನು ಒಂದೆರಡು ಗುಡ್ಡಗಳಲ್ಲಿ ಮಾತ್ರ ಮಾಡಿ ಫಲಿತಾಂಶವನ್ನು ಅಳೆದು ಸಾರ್ವಜನಿಕರ ಮುಂದಿಡಬೇಕು.

ಎಲ್ಲಕ್ಕಿಂತ ಮೊದಲು ಬರುವುದು ಬೆಂಕಿಯ ಎದುರು ನಿಲ್ಲುವ ಜನರ ಪ್ರಶ್ನೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ, 2023ರ ಫೆಬ್ರವರಿಯಲ್ಲಿ ನಮ್ಮ ಘಟ್ಟದ ಮೇಲಿನ ಸಕಲೇಶಪುರ ತಾಲೂಕಿನಲ್ಲಿ ಇನ್ನೊಬ್ಬರು, ಬೆಂಕಿ ನಂದಿಸುತ್ತಲೇ ಪ್ರಾಣ ಕಳೆದುಕೊಂಡರು. 2019ರಲ್ಲಿ ಬಂಡೀಪುರದ ಬೆಂಕಿಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದದ್ದು ನಮ್ಮೆಲ್ಲರ ಕಣ್ಣಿಗೆ ಕಟ್ಟಿದೆ, ಆದರೆ ಮರಗಳ ಕೊಡೆ ಮುಚ್ಚಿದ ಕಡಿದಾದ ಕಣಿವೆಯಲ್ಲಿ ತರಗೆಲೆಯಡಿ ಉಳಿದ ಕೆಂಡವನ್ನು ಆರಿಸುವುದು ಕೊನೆಗೂ ಕೊಂಬೆ ಹಿಡಿದ ಕೈಯೇ. ಆ ಕೈಗಳಲ್ಲಿ ಹೆಚ್ಚಿನವು ಬೇಸಿಗೆಯ ಕೆಲವು ತಿಂಗಳಿಗಷ್ಟೇ ನೇಮಕವಾಗುವ ದಿನಗೂಲಿಯವು. ಬೆಂಕಿ ಹತ್ತಿದ ಮೇಲೆ ಕರೆಯುವ ಬದಲು, ರೇಖೆ ಸುಡುವ ಡಿಸೆಂಬರ್‌ನಿಂದ ಮೊದಲ ಮಳೆಯವರೆಗೆ ಅವರಿಗೆ ಕೆಲಸ, ವಿಮೆ, ಸುಡದ ಬಟ್ಟೆ, ಗಟ್ಟಿ ಬೂಟು, ಕುಡಿಯುವ ನೀರು ಸಿಗಬೇಕು. ಅಂದು ನನ್ನ ಜೊತೆ ಬಂದ ಕಾವಲುಗಾರರ ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ. ಒಂದರ ಅಂಚು ಕೆಂಡ ತಾಗಿ ಕರಗಿತ್ತು, ಅದನ್ನೇ ತೊಟ್ಟು ಅವರು ಮಧ್ಯಾಹ್ನದ ಗಾಳಿ ಏಳುವ ಮೊದಲು ಆ ಅಂಚನ್ನು ಮತ್ತೊಮ್ಮೆ ನೋಡಿ ಬರಲು ಇಳಿದು ಹೋದರು.